ರೈಲಿಲ್ಲದ ಜಿಲ್ಲೆ, ಕಾನ್ಸುಲೇಟ್ ಇಲ್ಲದ ದೇಶ

ಬೆಳಿಗ್ಗೆ ಆರು ಗಂಟೆಗೆ ಅಕ್ಕ ಫೋನ್ ಮಾಡಿದಳು ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಅವಳ ಮಗ ಬಹಾಮಾಸ್ ದೇಶದ ನಸ್ಸಾವ್‌ನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಆಗ ಹಿಂದಿನ ದಿನದ ಸಂಜೆ. ಬಸ್ಸಿನಲ್ಲಿ ಬ್ಯಾಗ್ ಬಿಟ್ಟು ಇಳಿದುಬಿಟ್ಟಿದ್ದಾನೆ. ಬ್ಯಾಗಿನೊಳಗೆ ಪಾಸ್‌ಪೋರ್ಟ್. ಅಕ್ಕ ಲೈನಿಗೆ ಅವನನ್ನೂ ಸೇರಿಸಿದಳು. "ಮಾವ, ಇಲ್ಲಿ ನಮ್ಮ ಎಂಬಸಿನೇ ಇಲ್ವಂತೆ. ಏನ್ ಮಾಡೋದು?" ಅಂದ.

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಾಸ್‌ಪೋರ್ಟ್ ಅರ್ಜಿ, ಆರ್‌ಟಿಸಿ, ಪಿಂಚಣಿ ಕಾಗದ ಎಲ್ಲ ತುಂಬಿಕೊಡುತ್ತೇನೆ. ಹಾಗಾಗಿ ಮನೆಯವರ ಲೆಕ್ಕದಲ್ಲಿ ಸರ್ಕಾರಿ ಕಾಗದಕ್ಕೆಲ್ಲ ನಾನೇ ಪಂಡಿತ. ನಿಜ ಹೇಳಬೇಕೆಂದರೆ ಆವತ್ತು ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಸಲಹೆಗಳ ಮಳೆ ಶುರುವಾಗಿತ್ತು. "ಅಮೆರಿಕ ಅಲ್ಲೇ ಪಕ್ಕದಲ್ಲಿದೆ, ಮಿಯಾಮಿಗೆ ಹೋಗಲಿ" ಅಂತ ಒಬ್ಬರು ಬರೆದರು. ಪಾಸ್‌ಪೋರ್ಟ್ ಇಲ್ಲದವನು ಅಮೆರಿಕಕ್ಕೆ ಹೋಗುವುದು ಹೇಗೆ ಅಂತ ಮಾತ್ರ ಯಾರೂ ಬರೆಯಲಿಲ್ಲ.

ಕೊನೆಗೆ ಗೊತ್ತಾಗಿದ್ದು ಇಷ್ಟು: ಬಹಾಮಾಸ್‌ನ ಕೆಲಸವನ್ನು ಭಾರತ ನೋಡಿಕೊಳ್ಳುವುದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಹೈಕಮಿಷನ್‌ನಿಂದ. ನಡುವೆ ಸಮುದ್ರ, ಬೇರೆ ದೇಶ. ಆದರೂ ಅವನ ಕಚೇರಿ ಅದೇ.

ಇದು ಕೊಡಗಿನವರಿಗೆ ಅರ್ಥವಾಗದ ಸಂಗತಿಯೇನಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಹಾಗಂತ ನಾವು ರೈಲು ಹತ್ತದೆ ಉಳಿದಿಲ್ಲ. ಮೈಸೂರಿಗೆ ಹೋಗುತ್ತೇವೆ. ವಿಮಾನಕ್ಕೆ 2018ರಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೂ ಹೋಗುತ್ತೇವೆ. ನಮ್ಮ ಊರಿನ ನಿಲ್ದಾಣ ಯಾವುದು ಅಂತ ಕೇಳಿದರೆ ಪಕ್ಕದ ರಾಜ್ಯದ ಹೆಸರು ಹೇಳಿದರೂ ನಮಗೆ ವಿಚಿತ್ರ ಅನ್ನಿಸುವುದಿಲ್ಲ. ಕಾನ್ಸುಲೇಟ್ ಇಲ್ಲದ ದೇಶದ ಲೆಕ್ಕವೂ ಹೀಗೆಯೇ. ಯಾವ ದೇಶ ಯಾವ ಕಚೇರಿಯ ಪಾಲಿಗೆ ಬರುತ್ತದೆ ಅನ್ನೋದು ಮೊದಲು ತಿಳಿಯಬೇಕು. ಆಮೇಲೆ, ಆ ಕಚೇರಿಯವರೆಗೆ ಹೋಗಲೇಬೇಕಾದ ಕೆಲಸ ಯಾವುದು, ಹೋಗದೆಯೂ ಆಗುವ ಕೆಲಸ ಯಾವುದು ಅಂತ ಬೇರೆ ಮಾಡಿಕೊಳ್ಳಬೇಕು. ಜನ ಎಡವುವುದು ಹೆಚ್ಚಾಗಿ ಈ ಎರಡನೆಯದರಲ್ಲಿ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಒಂದು ದೇಶದ ರಾಜಧಾನಿಯಲ್ಲಿರುವ ನಮ್ಮ ಮುಖ್ಯ ಕಚೇರಿ ರಾಯಭಾರ ಕಚೇರಿ, ಅಂದರೆ ಎಂಬಸಿ. ಆ ದೇಶ ಕಾಮನ್‌ವೆಲ್ತ್‌ಗೆ ಸೇರಿದ್ದರೆ ಅದನ್ನೇ ಹೈಕಮಿಷನ್ ಅನ್ನುತ್ತಾರೆ. ಕೆಲಸದಲ್ಲಿ ವ್ಯತ್ಯಾಸವಿಲ್ಲ. ದೊಡ್ಡ ದೇಶಗಳ ಬೇರೆ ಪಟ್ಟಣಗಳಲ್ಲಿ ಇರುವುದು ಕಾನ್ಸುಲೇಟ್. ಪಾಸ್‌ಪೋರ್ಟ್, ದಾಖಲೆಗಳ ಅಟೆಸ್ಟೇಷನ್ (ದೃಢೀಕರಣ), ಜನನ ಮರಣ ನೋಂದಣಿ, ಕಷ್ಟದಲ್ಲಿರುವವರ ವಿಚಾರಣೆ ಇವೆಲ್ಲ ಕಾನ್ಸುಲರ್ ಕೆಲಸ. ಎಂಬಸಿ, ಹೈಕಮಿಷನ್‌ಗಳ ಒಳಗೂ ಇದಕ್ಕೊಂದು ವಿಭಾಗ ಇರುತ್ತದೆ. ಆದ್ದರಿಂದ ಕಾನ್ಸುಲೇಟ್ ಅನ್ನೋ ಬೋರ್ಡ್ ಹುಡುಕಿಕೊಂಡು ಅಲೆಯಬೇಕಿಲ್ಲ.

ಎಲ್ಲ ದೇಶದಲ್ಲೂ ಕಚೇರಿ ತೆರೆಯಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಅದಕ್ಕೇ ಒಬ್ಬ ರಾಯಭಾರಿಗೆ ಎರಡು ಮೂರು ದೇಶ ಒಪ್ಪಿಸುವ ಪದ್ಧತಿ ಇದೆ. ಇದು ಹೊಸತೇನಲ್ಲ. ನಮ್ಮ ಕೆ.ಎಂ. ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ಮೇಲೆ 1956ರವರೆಗೆ ಹೈಕಮಿಷನರ್ ಆಗಿದ್ದರು. ಯಾವ ದೇಶಕ್ಕೆ? ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್, ಎರಡಕ್ಕೂ. ಒಬ್ಬರೇ ಮನುಷ್ಯ, ಎರಡು ದೇಶ. (ಮಾತು ಬಂತು ಅಂತ ಹೇಳುತ್ತೇನೆ, ಭಾರತದ ವಿದೇಶಾಂಗ ಸೇವೆಗೆ 1949ರಲ್ಲಿ ಸೇರಿದ ಮೊದಲ ಮಹಿಳೆ ಸಿ.ಬಿ. ಮುತ್ತಮ್ಮ ಹುಟ್ಟಿದ್ದು ವಿರಾಜಪೇಟೆಯಲ್ಲಿ. ಇಷ್ಟು ಪುಟ್ಟ ಜಿಲ್ಲೆಗೆ ಇದು ಕಡಿಮೆ ಹೆಮ್ಮೆಯಲ್ಲ.)

ಈಗಲೂ ಹಾಗೆಯೇ ನಡೆದಿದೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿರುವ ನಮ್ಮ ಎಂಬಸಿ ಲಿಕ್ಟನ್‌ಸ್ಟೈನ್ ಅನ್ನೋ ಪುಟ್ಟ ದೇಶವನ್ನೂ ನೋಡಿಕೊಳ್ಳುತ್ತದೆ. ಲೆಸೊಥೊ ದೇಶದ್ದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾಕ್ಕೆ. ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ಗ್ವಾಟೆಮಾಲಾಕ್ಕೆ. ಟೊಂಗಾ, ಟುವಾಲು ದ್ವೀಪಗಳು ಫಿಜಿಯ ಸುವಾಕ್ಕೆ. ಇದಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆಯೂ ಇದೆ. 1963ರಲ್ಲಿ ವಿಯೆನ್ನಾದಲ್ಲಿ ಕಾನ್ಸುಲರ್ ಸಂಬಂಧಗಳ ಬಗ್ಗೆ ಒಂದು ಒಪ್ಪಂದವಾಯಿತು. ಸಂಬಂಧಪಟ್ಟ ದೇಶಗಳಿಗೆ ತಿಳಿಸಿ, ಅವು ಬೇಡ ಅನ್ನದಿದ್ದರೆ, ಒಂದು ದೇಶದಲ್ಲಿರುವ ಕಾನ್ಸುಲೇಟ್ ಇನ್ನೊಂದು ದೇಶದಲ್ಲಿನ ಕೆಲಸವನ್ನೂ ಮಾಡಬಹುದು ಅಂತ ಅದರ 7ನೇ ವಿಧಿ ಹೇಳುತ್ತದೆ.

ಈ ಪಟ್ಟಿಯನ್ನು ಒಮ್ಮೆ ಬಾಯಿಪಾಠ ಮಾಡಿ ಕೂರುವ ಹಾಗಿಲ್ಲ. ಅದು ಬದಲಾಗುತ್ತಲೇ ಇರುತ್ತದೆ. ರುವಾಂಡಾದ ಕೆಲಸ ಮೊದಲು ಉಗಾಂಡಾದ ಕಂಪಾಲಾದಿಂದ ನಡೆಯುತ್ತಿತ್ತು. 2018ರಲ್ಲಿ ಆಫ್ರಿಕಾದಲ್ಲಿ 18 ಹೊಸ ಕಚೇರಿ ತೆರೆಯಲು ಕೇಂದ್ರ ಸಂಪುಟ ಒಪ್ಪಿತು. ಅದೇ ವರ್ಷ ರುವಾಂಡಾದ ಕಿಗಾಲಿಯಲ್ಲಿ ಹೈಕಮಿಷನ್ ಬಂತು. ಎಸ್ಟೋನಿಯಾದಲ್ಲಿದ್ದ ನಮ್ಮವರು ಮೊದಲು ಫಿನ್ಲೆಂಡಿನ ಹೆಲ್ಸಿಂಕಿ ಕಚೇರಿಯನ್ನು ನೋಡಬೇಕಿತ್ತು. ಪರಾಗ್ವೆಯಲ್ಲಿದ್ದವರು ಅರ್ಜೆಂಟೀನಾದ ಬ್ಯೂನಸ್ ಐರಿಸ್ ಕಚೇರಿಯನ್ನು ನೋಡಬೇಕಿತ್ತು. ಆ ಎರಡೂ ಕಡೆ ಕಚೇರಿಗೆ ಒಪ್ಪಿಗೆ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ.

ಇದು ಉಲ್ಟಾ ಕೂಡ ಆಗುತ್ತದೆ. ಇದ್ದ ಕಚೇರಿಯೇ ಊರು ಬಿಡುತ್ತದೆ. 2015ರಲ್ಲಿ ಯೆಮನ್ ಯುದ್ಧದ ಹೊತ್ತಿಗೆ ಸನಾದಲ್ಲಿದ್ದ ನಮ್ಮ ಎಂಬಸಿ ಕೆಂಪು ಸಮುದ್ರದ ಆಚೆಯ ಜಿಬೂತಿಗೆ ಹೋಯಿತು. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಕೀವ್‌ನಲ್ಲಿದ್ದ ಎಂಬಸಿಯನ್ನು ಕೆಲ ಕಾಲ ಪೋಲೆಂಡಿಗೆ ಸ್ಥಳಾಂತರಿಸಿದರು, ಮೇ ತಿಂಗಳಲ್ಲಿ ವಾಪಸ್ ತಂದರು. ಹಾಗಾಗಿ ಹಳೆಯ ವಿಳಾಸ ನಂಬಿ ಹೊರಡಬಾರದು. ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಕಚೇರಿಗಳ ಪಟ್ಟಿ ಇದೆ. ನಿಮ್ಮ ಅನುಮಾನದ ಕಚೇರಿಯ ಸ್ವಂತ ಜಾಲತಾಣಕ್ಕೆ ಹೋದರೆ, ಅದು ಇನ್ನು ಯಾವ ಯಾವ ದೇಶ ನೋಡುತ್ತದೆ ಅಂತಲೂ ಸಾಮಾನ್ಯವಾಗಿ ಬರೆದಿರುತ್ತಾರೆ. ನಾನು ಕಿಂಗ್‌ಸ್ಟನ್ ಕಂಡುಕೊಂಡಿದ್ದು ಹಾಗೆಯೇ. ಗ್ರೂಪಿನ ಪಂಡಿತರು ಆಗಲೂ ಮಿಯಾಮಿಯಲ್ಲೇ ಇದ್ದರು.

ಪಾಸ್‌ಪೋರ್ಟ್ ತರಲು ಪಾಸ್‌ಪೋರ್ಟ್ ಬೇಕು

ಇಲ್ಲೇ ನಿಜವಾದ ಗಂಟು ಇರುವುದು. ಕಚೇರಿ ಇರುವುದು ಬೇರೆ ದೇಶದಲ್ಲಿ. ಅಲ್ಲಿಗೆ ಹೋಗಲು ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ಕಳೆದದ್ದಕ್ಕೇ ಅಲ್ವಾ ಹೋಗಬೇಕಾಗಿರುವುದು?

ಇದನ್ನು ಬಿಡಿಸುವ ದಾರಿಗಳಿವೆ. ಆದರೆ ಕ್ರಮ ತಪ್ಪಬಾರದು. ಮೊದಲ ಕೆಲಸ ಅಲ್ಲಿನ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ತೆಗೆದುಕೊಳ್ಳುವುದು. ಆ ಒಂದು ಹಾಳೆ ಇಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಎರಡನೆಯದು, ಸಂಬಂಧಪಟ್ಟ ಕಚೇರಿಗೆ ಇಮೇಲ್ ಮಾಡಿ ಫೋನ್ ಮಾಡುವುದು. ಬರೀ ಫೋನ್ ಸಾಲದು. ಇಮೇಲ್ ದಾಖಲೆಯಾಗಿ ಉಳಿಯುತ್ತದೆ. ಆಮೇಲೆ ಒಂದು ಪ್ರಶ್ನೆಗೆ ನೀವೇ ಉತ್ತರ ಕೊಟ್ಟುಕೊಳ್ಳಬೇಕು. ಊರಿಗೆ ವಾಪಸ್ ಬರಬೇಕಾ, ಅಲ್ಲೇ ಇದ್ದು ಕೆಲಸ ಮುಂದುವರಿಸಬೇಕಾ?

ಊರಿಗೆ ಬರುವುದಾದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಸಿಗುತ್ತದೆ. ಹೆಸರು ಕೇಳಿ ಪಾಸ್‌ಪೋರ್ಟಿನ ತಮ್ಮ ಅಂದುಕೊಳ್ಳಬೇಡಿ. ಅದು ಭಾರತಕ್ಕೆ ಬರಲು ಮಾತ್ರ ಕೊಡುವ ಒಂದೇ ದಾರಿಯ ಕಾಗದ. ಬಂದ ಮೇಲೆ ಅದರ ಕೆಲಸ ಮುಗಿಯಿತು. ಹೊಸ ಪಾಸ್‌ಪೋರ್ಟಿಗೆ ಇಲ್ಲಿ ಅರ್ಜಿ ಹಾಕಬೇಕು. ಅದು ಕೈಗೆ ಬಂದ ಮೇಲೂ ಮತ್ತೆ ಆ ದೇಶಕ್ಕೆ ಹೋಗಲು ವೀಸಾ, ಕೆಲಸದ ಪರವಾನಗಿ ಎಲ್ಲ ನೋಡಬೇಕು. ಇನ್ನೊಂದು ತೊಡಕೂ ಇದೆ. ನಸ್ಸಾವ್‌ನಂಥ ಊರಿನಿಂದ ಬರುವಾಗ ನಡುವೆ ಯಾವುದಾದರೂ ದೇಶದಲ್ಲಿ ವಿಮಾನ ಬದಲಿಸಲೇಬೇಕು. ಆ ದೇಶ ಈ ಕಾಗದವನ್ನು ಒಪ್ಪುತ್ತದಾ, ಟ್ರಾನ್ಸಿಟ್ ವೀಸಾ ಕೇಳುತ್ತದಾ ಅಂತ ಟಿಕೆಟ್ ಮಾಡುವ ಮುಂಚೆಯೇ ವಿಮಾನ ಕಂಪನಿಯನ್ನೂ ಕಚೇರಿಯನ್ನೂ ಕೇಳಿಕೊಳ್ಳಬೇಕು. ಅಗ್ಗದ ಟಿಕೆಟ್ ನೋಡಿ ಬುಕ್ ಮಾಡಿ ಆಮೇಲೆ ಕೌಂಟರಿನಲ್ಲಿ ತಲೆ ಮೇಲೆ ಕೈಹೊತ್ತು ನಿಲ್ಲಬಾರದು.

ಅಲ್ಲೇ ಇರುವುದಾದರೆ ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಬೇಕು. ನಮ್ಮ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಕೆಲಸ ಇದೆ, ವಾಸದ ಪರವಾನಗಿ ಇದೆ, ತಲೆ ಹೋಗುವ ಅವಸರವೇನೂ ಇಲ್ಲ. ಆನ್‌ಲೈನಿನಲ್ಲಿ ಅರ್ಜಿ ತುಂಬಿದ. ಪೊಲೀಸ್ ದೂರಿನ ಪ್ರತಿ, ಹೋಟೆಲಿನವರ ಪತ್ರ, ಫೋಟೊ, ಹಳೆಯ ಪಾಸ್‌ಪೋರ್ಟಿನ ಜೆರಾಕ್ಸ್ ಸೇರಿಸಿದ. ಆ ಜೆರಾಕ್ಸ್ ಇದ್ದದ್ದು ನನ್ನ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ! ಅವನು ಹೋಗುವಾಗ ನಾನೇ ಸ್ಕ್ಯಾನ್ ಮಾಡಿ ಇಟ್ಟಿದ್ದೆ. ಕಚೇರಿಯವರು ಕಾಗದಗಳನ್ನು ಕೊರಿಯರಿನಲ್ಲಿ ಕಳಿಸಲು ಹೇಳಿದರು. ಎಲ್ಲ ಕಚೇರಿಯೂ ಹೀಗೇ ಅನ್ನುವುದಿಲ್ಲ. ಕೆಲವರು ಖುದ್ದು ಬರಲೇಬೇಕು ಅನ್ನಬಹುದು, ಇಲ್ಲವೇ ಮುಂದಿನ ಕ್ಯಾಂಪಿನವರೆಗೆ ಕಾಯಿರಿ ಅನ್ನಬಹುದು. ಕೇಳದೆ ಕೊರಿಯರ್ ಮಾಡಬಾರದು, ಕೇಳದೆ ವಿಮಾನವನ್ನೂ ಹತ್ತಬಾರದು.

ಇದರ ಒಂದು ಕೊಂಡಿ ಊರಿನಲ್ಲೂ ಇರುತ್ತದೆ ಅನ್ನೋದು ಹಲವರಿಗೆ ಗೊತ್ತಿಲ್ಲ. ಹೊರದೇಶದ ಕಚೇರಿ ಪಾಸ್‌ಪೋರ್ಟ್ ಕೊಡುವ ಮುಂಚೆ, ಇವನು ನಿಜಕ್ಕೂ ಇವನೇನಾ ಅಂತ ಭಾರತದಲ್ಲಿ ವಿಚಾರಿಸಬಹುದು. ಆಗ ಊರಿನ ವಿಳಾಸಕ್ಕೆ ಪೊಲೀಸರು ಬರಬಹುದು. ಅಕ್ಕನ ಮನೆಗೆ ಪೊಲೀಸರು ಬಂದಾಗ ಭಾವ ತೋಟದಲ್ಲಿದ್ದರು. ಮನೆಯಲ್ಲಿದ್ದ ಅತ್ತೆ ಗಾಬರಿಬಿದ್ದು "ಅವನು ಇಲ್ಲಿಲ್ಲ, ನಮಗೇನೂ ಗೊತ್ತಿಲ್ಲ" ಅಂದುಬಿಟ್ಟರಂತೆ. ಅಷ್ಟು ಸಾಕು ಒಂದು ವಾರ ತಡವಾಗಲು. ಮಗ ಹೊರದೇಶದಲ್ಲಿ ಅರ್ಜಿ ಹಾಕಿದ್ದಾನೆ ಅಂತ ಮನೆಯ ಹಿರಿಯರಿಗೂ ಒಂದು ಮಾತು ಹೇಳಿಡಿ. ಅವನ ಆಧಾರ್, ಶಾಲೆಯ ಸರ್ಟಿಫಿಕೇಟ್ ಎಲ್ಲ ಕೈಗೆ ಸಿಗುವ ಕಡೆ ಇರಲಿ.

ಕಾಫಿ ಹೂ ಬಿಡುವ ಮುಂಚೆ ಶುರುವಾದ ಕತೆ ಮಳೆ ಹಿಡಿಯುವ ಹೊತ್ತಿಗೆ ಮುಗಿಯಿತು. ಹೊಸ ಪಾಸ್‌ಪೋರ್ಟ್ ಬಂದ ಎರಡು ವಾರಕ್ಕೆ ಹಳೆಯದೂ ಸಿಕ್ಕಿತು, ಬಸ್ಸಿನವರು ಎತ್ತಿಟ್ಟಿದ್ದರು. ಅದನ್ನು ಬಳಸುವ ಹಾಗಿಲ್ಲ. ಕಳೆದಿದೆ ಅಂತ ದಾಖಲಾದ ಪಾಸ್‌ಪೋರ್ಟ್ ಸಿಕ್ಕರೂ ಸತ್ತಂತೆಯೇ ಲೆಕ್ಕ. ಅದನ್ನು ತೋರಿಸಿ ಗಡಿ ದಾಟಲು ಹೋದರೆ ಹೊಸ ತಲೆನೋವು.

ಕ್ಯಾಂಪ್ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಚೇರಿ ದೂರ ಇರುವ ಕಡೆ ಅಧಿಕಾರಿಗಳೇ ಒಂದೆರಡು ದಿನ ಬಂದು ಕೂತು ಅರ್ಜಿ ತೆಗೆದುಕೊಳ್ಳುವುದು ಕಾನ್ಸುಲರ್ ಕ್ಯಾಂಪ್. ನಮ್ಮಲ್ಲಿ ಕಂದಾಯ ಅದಾಲತ್ ಅಂತ ಹಳ್ಳಿಗೆ ಬರುತ್ತಾರಲ್ಲ, ಅದೇ ಥರ. ದಿನಾಂಕ ಮೊದಲೇ ಹಾಕಿರುತ್ತಾರೆ. ಅಲ್ಲಿನ ಭಾರತೀಯ ಸಂಘದವರ ಗ್ರೂಪಿನಲ್ಲಿದ್ದರೆ ಸುದ್ದಿ ತಪ್ಪುವುದಿಲ್ಲ. ಇನ್ನು ವಿಎಫ್‌ಎಸ್, ಬಿಎಲ್‌ಎಸ್ ಅಂತ ಖಾಸಗಿ ಕೇಂದ್ರಗಳಿರುತ್ತವೆ. ಅವರು ಅರ್ಜಿ ತೆಗೆದುಕೊಂಡು ಮುಟ್ಟಿಸುವವರು ಅಷ್ಟೇ. ಕೊಡುವುದು ಬಿಡುವುದು ಕಚೇರಿಯ ಅಧಿಕಾರಿಯ ಕೈಯಲ್ಲಿದೆ.

ಗೌರವ ಕಾನ್ಸುಲ್ ಅನ್ನೋ ಇನ್ನೊಬ್ಬರು ಕೆಲವು ಊರುಗಳಲ್ಲಿ ಸಿಗುತ್ತಾರೆ. ಹೆಚ್ಚಾಗಿ ಆ ಊರಿನವರೇ, ಒಬ್ಬ ವ್ಯಾಪಾರಿಯೋ ವಕೀಲರೋ ಆಗಿರುತ್ತಾರೆ. ಸಂಬಳದ ಅಧಿಕಾರಿಯಲ್ಲ. ಅವರಿಂದ ಪಾಸ್‌ಪೋರ್ಟ್ ಕೊಡಿಸಿಕೊಳ್ಳುವ ಆಸೆ ಬೇಡ. ಆದರೆ ಆಸ್ಪತ್ರೆಯಲ್ಲಿ ಮಲಗಿದವನನ್ನು ನೋಡಿಬರಲು, ಅಲ್ಲಿನ ಪೊಲೀಸರ ಭಾಷೆಯಲ್ಲಿ ಮಾತಾಡಲು, ದೂರದ ಎಂಬಸಿಗೆ ನಂಬಿಕೆಯ ಸುದ್ದಿ ಮುಟ್ಟಿಸಲು ಅವರಷ್ಟು ಉಪಯೋಗದವರು ಇನ್ನೊಬ್ಬರಿಲ್ಲ.

ಕಾನ್ಸುಲ್ ಇಲ್ಲದೆಯೂ ಆಗುವ ಕೆಲಸ

ಕೊಡಗಿನವರು ಹೊರದೇಶದ ಕಚೇರಿಗೆ ಅಲೆಯುವುದು ಪಾಸ್‌ಪೋರ್ಟಿಗಿಂತ ಜಾಸ್ತಿ ಜಮೀನಿಗೆ. ನನ್ನ ಅಂಗಡಿಯ ಅನುಭವ ಇದು. ಒಕ್ಕದ (ಮನೆತನದ) ಜಾಗ, ತಲೆಮಾರಿನಿಂದ ಬಂದ ಜಮ್ಮಾ ಜಮೀನು, ಆರ್‌ಟಿಸಿಯಲ್ಲಿ ಅಜ್ಜನ ಕಾಲದ ಪಟ್ಟೇದಾರರ ಹೆಸರು. ಪಾಲು ಮಾಡಬೇಕಾದರೂ ಮಾರಬೇಕಾದರೂ ಎಲ್ಲರ ಸಹಿ ಬೇಕು. ಹತ್ತು ಜನರಲ್ಲಿ ಮೂವರು ಹೊರದೇಶದಲ್ಲಿರುತ್ತಾರೆ. ಅವರಲ್ಲಿ ಒಬ್ಬರು ಭಾರತದ ಕಚೇರಿಯೇ ಇಲ್ಲದ ದೇಶದಲ್ಲಿರುತ್ತಾರೆ. ಅವರ ಒಂದು ಪವರ್ ಆಫ್ ಅಟಾರ್ನಿಗಾಗಿ (ತಮ್ಮ ಪರವಾಗಿ ಇನ್ನೊಬ್ಬರು ಸಹಿ ಮಾಡಲು ಕೊಡುವ ಅಧಿಕಾರಪತ್ರ) ಇಡೀ ಪಾಲುಪಟ್ಟಿ ವರ್ಷಗಟ್ಟಲೆ ನಿಂತಿರುತ್ತದೆ.

"ಎಂಬಸಿಯ ಸೀಲೇ ಬೇಕಂತೆ" ಅಂತ ಎಲ್ಲರೂ ಹೇಳುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1908ರ ನೋಂದಣಿ ಕಾಯ್ದೆಯ 33ನೇ ಕಲಂ ನೋಡಿ. ಕೊಡುವವರು ಭಾರತದಲ್ಲಿ ವಾಸವಿಲ್ಲದಿದ್ದರೆ, ನೋಟರಿ, ಕೋರ್ಟು, ನ್ಯಾಯಾಧೀಶ, ಮ್ಯಾಜಿಸ್ಟ್ರೇಟ್, ಭಾರತದ ಕಾನ್ಸುಲ್ ಅಥವಾ ವೈಸ್ ಕಾನ್ಸುಲ್, ಇಲ್ಲವೇ ಕೇಂದ್ರ ಸರ್ಕಾರದ ಪ್ರತಿನಿಧಿ, ಇವರಲ್ಲಿ ಯಾರ ಎದುರು ಸಹಿ ಮಾಡಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿಯೂ ನಡೆಯುತ್ತದೆ. ಕಾನ್ಸುಲ್ ಆ ಸಾಲಿನಲ್ಲಿ ಒಬ್ಬರು, ಅವರೇ ಎಲ್ಲ ಅಲ್ಲ.

ಆದರೆ ನಸ್ಸಾವ್‌ನ ನೋಟರಿಯ ಸಹಿ ಅಸಲಿಯೋ ನಕಲಿಯೋ ಅಂತ ಇಲ್ಲಿನ ಸಬ್ ರಿಜಿಸ್ಟ್ರಾರ್‌ಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಇರುವುದೇ ಅಪೊಸ್ಟಿಲ್. 1961ರ ಹೇಗ್ ಒಪ್ಪಂದದ ಪ್ರಕಾರ, ಒಂದು ದೇಶದ ಸರ್ಕಾರ ತನ್ನ ನೋಟರಿಯ ಅಥವಾ ಅಧಿಕಾರಿಯ ಸಹಿ ನಿಜ ಅಂತ ಒಂದು ಚೀಟಿ ಲಗತ್ತಿಸುತ್ತದೆ. ಒಪ್ಪಂದದ ಇತರ ದೇಶಗಳು ಅದನ್ನು ಒಪ್ಪುತ್ತವೆ, ಎಂಬಸಿಯ ಸೀಲು ಬೇರೆ ಕೇಳುವುದಿಲ್ಲ. ಭಾರತದ ಮಟ್ಟಿಗೆ ಇದು 2005ರಿಂದ ಜಾರಿಯಲ್ಲಿದೆ. ಬಹಾಮಾಸ್ ಕೂಡ ಆ ಒಪ್ಪಂದದಲ್ಲಿದೆ. ಅಂದರೆ ಅಲ್ಲಿರುವವರು ಊರಿನ ಜಮೀನಿಗೆ ಪವರ್ ಕೊಡಲು ಜಮೈಕಾಕ್ಕೆ ಹೋಗುವ ಅಗತ್ಯವೇ ಇಲ್ಲ. ಅಲ್ಲಿನ ನೋಟರಿ, ಅದರ ಮೇಲೆ ಅಲ್ಲಿನ ಸರ್ಕಾರದ ಅಪೊಸ್ಟಿಲ್, ಆಮೇಲೆ ಕೊರಿಯರ್.

ಕಾಗದ ಊರಿಗೆ ಬಂದ ಮೇಲೆ ಒಂದು ಗಡುವು ಇದೆ. ಇದನ್ನು ಮರೆತೇ ಎಷ್ಟೋ ಜನ ಕೆಟ್ಟಿದ್ದಾರೆ. ಕರ್ನಾಟಕದ ಸ್ಟಾಂಪ್ ಕಾಯ್ದೆಯ ಪ್ರಕಾರ, ಹೊರಗಡೆ ಬರೆದ ದಾಖಲೆ ರಾಜ್ಯಕ್ಕೆ ಮೊದಲು ಬಂದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿನ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ಅಲ್ಮೇರಾದಲ್ಲಿಟ್ಟು "ಪುತ್ತರಿ ಹಬ್ಬ ಕಳೀಲಿ, ನೋಡೋಣ" ಅಂತ ಕೂತರೆ ಗಡುವು ದಾಟುತ್ತದೆ. ಕೊರಿಯರಿನ ಕವರನ್ನೂ ಎಸೆಯಬೇಡಿ. ಯಾವತ್ತು ಬಂತು ಅನ್ನೋದಕ್ಕೆ ಅದೇ ಸಾಕ್ಷಿ. ಇನ್ನೊಂದು, ಕಾಗದ ಬರೆಸುವ ಮುಂಚೆಯೇ ಅದರ ಕರಡನ್ನು ನೋಂದಣಿ ನಡೆಯುವ ಕಚೇರಿಯಲ್ಲಿ ಬಲ್ಲವರಿಗೆ ತೋರಿಸಿ. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಒಂದಕ್ಷರ ತಪ್ಪಿದರೂ ಮತ್ತೆ ಸಮುದ್ರ ದಾಟಿಸಬೇಕು.

ಸರ್ಟಿಫಿಕೇಟುಗಳ ವಿಷಯದಲ್ಲಿ ಎಲ್ಲ ದೇಶಕ್ಕೂ ಅಪೊಸ್ಟಿಲ್ ನಡೆಯುವುದಿಲ್ಲ ಅಂತ ನೆನಪಿಡಿ. ಯುಎಇ, ಕತಾರ್, ಕುವೈತ್ ಆ ಒಪ್ಪಂದದಲ್ಲಿಲ್ಲ. ಅಲ್ಲಿಗೆ ಹೋಗುವ ಹುಡುಗರ ಡಿಗ್ರಿ ಸರ್ಟಿಫಿಕೇಟಿಗೆ ಆ ದೇಶದ ಎಂಬಸಿಯ ಅಟೆಸ್ಟೇಷನ್ ಇನ್ನೂ ಬೇಕು.

ಪಿಂಚಣಿಯದೂ ಹೀಗೆಯೇ. ನಮ್ಮ ಜಿಲ್ಲೆಯಲ್ಲಿ ಮಿಲಿಟರಿ ಪಿಂಚಣಿ ಬಾರದ ಮನೆ ಹುಡುಕುವುದೇ ಕಷ್ಟ. ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಹೋದ ಹಿರಿಯರು ನವೆಂಬರ್ ಬಂತು ಅಂದರೆ ಅಲ್ಲಿಂದ ಫೋನ್ ಮಾಡುತ್ತಾರೆ. "ಲೈಫ್ ಸರ್ಟಿಫಿಕೇಟಿಗೆ ಎಂಬಸಿಗೆ ಹೋಗಬೇಕಾ?" ಹೊರದೇಶದಲ್ಲಿರುವ ಪಿಂಚಣಿದಾರರಿಗೆ ಅಲ್ಲಿನ ಮ್ಯಾಜಿಸ್ಟ್ರೇಟ್, ನೋಟರಿ, ಬ್ಯಾಂಕ್ ಅಧಿಕಾರಿ ಅಥವಾ ಭಾರತದ ರಾಯಭಾರ ಪ್ರತಿನಿಧಿ, ಇವರಲ್ಲಿ ಯಾರ ಸಹಿ ಇದ್ದರೂ ಆಗುತ್ತದೆ ಅನ್ನೋದು ನಿಯಮ. ಯಾವ ನಮೂನೆಯಲ್ಲಿ ಬರೆಸಬೇಕು, ಹೇಗೆ ಕಳಿಸಬೇಕು ಅಂತ ಹೊರಡುವ ಮುಂಚೆ ಬ್ಯಾಂಕಿನಲ್ಲೋ ಮಿಲಿಟರಿ ಪಿಂಚಣಿಯ ಸ್ಪರ್ಶ್ ಕೇಂದ್ರದಲ್ಲೋ ಕೇಳಿಕೊಂಡು ಹೋಗಿ. ನಾಯಕ್ ಆಗಲಿ ಕರ್ನಲ್ ಆಗಲಿ, ನವೆಂಬರಿನಲ್ಲಿ ಎಲ್ಲರೂ ಜೀವಂತ ಇದ್ದೇವೆ ಅಂತ ತೋರಿಸಲೇಬೇಕು.

ಕಾನ್ಸುಲ್ ಇಲ್ಲದೆ ಆಗದ ಒಂದು ಕೆಲಸ ಮಗುವಿನ ನೋಂದಣಿ. ಪೌರತ್ವ ಕಾಯ್ದೆಯ ಪ್ರಕಾರ, ಹೊರದೇಶದಲ್ಲಿ ಭಾರತೀಯ ತಂದೆತಾಯಿಗೆ ಹುಟ್ಟಿದ ಮಗು ಭಾರತದ ಪ್ರಜೆ ಆಗಬೇಕಾದರೆ, ಹುಟ್ಟಿದ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಇದು ಅನ್ವಯ. ವರ್ಷ 'ದಾಟಿತು' ಅಂದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ತಂದೆತಾಯಿ ಬರೆದುಕೊಡಬೇಕು. ಹುಟ್ಟಿದ ಕಡೆಯ ಪೌರತ್ವ ಹೇಗೂ ಸಿಗುತ್ತದಲ್ಲ ಅಂತ ಕೆಲವರು ಸುಮ್ನೆ ಇರುತ್ತಾರೆ. ಎಲ್ಲ ದೇಶವೂ ಅಮೆರಿಕ ಅಲ್ಲ. ಬಹಾಮಾಸ್‌ನಲ್ಲಿ ವಿದೇಶಿ ತಂದೆತಾಯಿಗೆ ಹುಟ್ಟಿದ ಮಗು ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಲು 18 ವರ್ಷ ಆಗುವವರೆಗೆ ಕಾಯಬೇಕು. ಈ ಕಡೆಯೂ ನೋಂದಣಿ ಆಗದಿದ್ದರೆ ಆ ಮಗು ಅಷ್ಟು ವರ್ಷ ಯಾರದು? ಕಚೇರಿ ದೂರ ಇರುವವರು ಬಾಣಂತನದ ಗಡಿಬಿಡಿಯಲ್ಲೂ ಈ ಒಂದು ವರ್ಷವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಸಾವಿನ ವಿಷಯ ಬರೆಯಲು ಮನಸ್ಸಿಲ್ಲ, ಆದರೆ ಬಿಡುವ ಹಾಗಿಲ್ಲ. ಹೊರದೇಶದಲ್ಲಿ ಯಾರಾದರೂ ತೀರಿಕೊಂಡರೆ ದೇಹ ಊರಿಗೆ ತರಲು ಅಲ್ಲಿನ ಮರಣ ಪತ್ರ, ಪೊಲೀಸರ ಅನುಮತಿ, ದೇಹ ಕೆಡದಂತೆ ಸಂಸ್ಕರಿಸಿದ ಪತ್ರ ಬೇಕು. ಪಾಸ್‌ಪೋರ್ಟ್ ರದ್ದು ಮಾಡಿಸಿ ನಮ್ಮ ಕಚೇರಿಯ ನಿರಾಕ್ಷೇಪಣಾ ಪತ್ರವನ್ನೂ ಪಡೆಯಬೇಕು. ಕಚೇರಿ ಇನ್ನೊಂದು ದೇಶದಲ್ಲಿದ್ದರೆ ಇದೆಲ್ಲ ಇಮೇಲಿನಲ್ಲೇ ಓಡಬೇಕು. ಕೆಲಸ ಕೊಟ್ಟ ಕಂಪನಿ ಖರ್ಚು ಕೊಡುತ್ತದಾ ಅಂತ ಮೊದಲು ನೋಡಿ. ಯಾರೂ ಇಲ್ಲದ, ಕೈಯಲ್ಲಿ ಹಣವಿಲ್ಲದ ಕುಟುಂಬಕ್ಕೆ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ 2009ರಿಂದ ಇದೆ. ಪರಿಸ್ಥಿತಿ ನೋಡಿ ಅದರಿಂದ ನೆರವು ಕೊಡುತ್ತಾರೆ. ಊರಿನಲ್ಲಿ ಕೂತವರು ಕೈಕಟ್ಟಿ ಕೂರಬೇಕಿಲ್ಲ. ವಿದೇಶಾಂಗ ಸಚಿವಾಲಯ 2015ರಲ್ಲಿ ಶುರುಮಾಡಿದ ಮದದ್ ಅನ್ನೋ ಪೋರ್ಟಲ್ಲಿನಲ್ಲಿ ಇಲ್ಲಿಂದಲೇ ದೂರು ದಾಖಲಿಸಬಹುದು. ದೂರಿಗೆ ನಂಬರು ಸಿಗುತ್ತದೆ, ಎಲ್ಲಿಗೆ ಬಂತು ಅಂತ ನೋಡುತ್ತಿರಬಹುದು.

ಜೈಲಿನ ಮಾತು ಬಂದಾಗ ಜನರ ನಿರೀಕ್ಷೆ ಜಾಸ್ತಿ ಇರುತ್ತದೆ. ಕಾನ್ಸುಲ್ ಬಂದು ಬಿಡಿಸಿಕೊಂಡು ಹೋಗುತ್ತಾರೆ ಅಂದುಕೊಂಡಿರುತ್ತಾರೆ. ಅದು ಆಗದ ಮಾತು. ಅಲ್ಲಿನ ಕಾನೂನು ಅವರಿಗೂ ಅಷ್ಟೇ. ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಡುವುದು ಬೇರೆ ಹಕ್ಕು. ಬಂಧನಕ್ಕೊಳಗಾದವರಿಗೆ, ನಿಮ್ಮ ದೇಶದ ಕಾನ್ಸುಲೇಟಿಗೆ ತಿಳಿಸಬಹುದು ಅಂತ ಪೊಲೀಸರು ಹೇಳಲೇಬೇಕು. ಬಂಧಿತ ಕೇಳಿಕೊಂಡರೆ ತಿಳಿಸಬೇಕು, ಕಾನ್ಸುಲ್ ಬಂದು ಭೇಟಿಯಾಗಲು, ವಕೀಲರನ್ನು ಗೊತ್ತುಮಾಡಲು ಬಿಡಬೇಕು. ಪಾಕಿಸ್ತಾನದಲ್ಲಿ ಬಂಧನದಲ್ಲಿರುವ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಇದನ್ನೇ ಮುರಿದಿದೆ ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಆ ಊರಿನಲ್ಲಿ ಕಾನ್ಸುಲೇಟ್ ಇಲ್ಲದಿದ್ದರೂ ಈ ಹಕ್ಕು ಹೋಗುವುದಿಲ್ಲ. ಹತ್ತಿರದಲ್ಲಿ ಕಚೇರಿ ಇಲ್ಲ ಅಂತ ಪೊಲೀಸರು ಅಂದರೆ, ಈ ದೇಶದಲ್ಲಿರುವ ಭಾರತೀಯರನ್ನು ನೋಡಿಕೊಳ್ಳುವುದು ಇಂಥ ಊರಿನ ಕಚೇರಿ ಅಂತ ಹೇಳುವಷ್ಟು ಗೊತ್ತಿರಬೇಕು.

ಬೇರೆ ದೇಶದ ಎಂಬಸಿಗೆ ಹೋಗಬಹುದಾ ಅಂತಲೂ ಕೇಳುತ್ತಾರೆ. ಯುರೋಪಿಯನ್ ಒಕ್ಕೂಟದವರಿಗೆ ಆ ಹಕ್ಕಿದೆ. ತಮ್ಮ ದೇಶದ ಕಚೇರಿ ಇಲ್ಲದ ಕಡೆ ಒಕ್ಕೂಟದ ಇನ್ಯಾವ ದೇಶದ ಎಂಬಸಿಯ ಬಾಗಿಲನ್ನೂ ತಟ್ಟಬಹುದು. ಕೆನಡಾ ಮತ್ತು ಆಸ್ಟ್ರೇಲಿಯಾ 1986ರಲ್ಲೇ ಹಾಗೊಂದು ಒಪ್ಪಂದ ಮಾಡಿಕೊಂಡು ಊರುಗಳನ್ನು ಹಂಚಿಕೊಂಡಿವೆ. ಸಂಬಂಧವೇ ಮುರಿದಾಗ ಮೂರನೆಯ ದೇಶ ನಡುವೆ ನಿಲ್ಲುವುದೂ ಉಂಟು. 1971ರ ಯುದ್ಧದ ನಂತರ 1976ರವರೆಗೆ ಪಾಕಿಸ್ತಾನದಲ್ಲಿ ನಮ್ಮ ಪರವಾಗಿ, ಇಲ್ಲಿ ಅವರ ಪರವಾಗಿ ಕೆಲಸ ನೋಡಿಕೊಂಡಿದ್ದು ಸ್ವಿಟ್ಜರ್ಲೆಂಡ್. ಆದರೆ ಸಾಮಾನ್ಯವಾಗಿ ಭಾರತ ತನ್ನವರನ್ನು ತನ್ನದೇ ಪಕ್ಕದ ಕಚೇರಿಗೆ ಒಪ್ಪಿಸುತ್ತದೆ. ಹೈಟಿಯಲ್ಲಿ ನಮ್ಮ ಎಂಬಸಿ ಇಲ್ಲ. 2024ರ ಮಾರ್ಚ್‌ನಲ್ಲಿ ಅಲ್ಲಿ ಗಲಭೆ ಹೆಚ್ಚಾದಾಗ ಆಪರೇಷನ್ ಇಂದ್ರಾವತಿ ಅಂತ ಶುರುಮಾಡಿ, ಮೊದಲ ದಿನ 12 ಭಾರತೀಯರನ್ನು ಪಕ್ಕದ ಡೊಮಿನಿಕನ್ ರಿಪಬ್ಲಿಕ್‌ಗೆ ದಾಟಿಸಿದರು. ಅಲ್ಲಿನ ಸ್ಯಾಂಟೊ ಡೊಮಿಂಗೊದಲ್ಲಿ ನಮ್ಮ ಎಂಬಸಿ ಇದೆ.

ನಮ್ಮ ಹೋಂಸ್ಟೇಗಳಿಗೆ ಬರುವ ವಿದೇಶಿಯರ ಕತೆ ಇದರ ಇನ್ನೊಂದು ಮಗ್ಗುಲು. ಅವರ ಪಾಸ್‌ಪೋರ್ಟ್ ಮಡಿಕೇರಿಯಲ್ಲಿ ಕಳೆದರೆ ಅವರಿಗೂ ಇದೇ ಪಾಡು. ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್‌ನವರಿಗೆ ಬೆಂಗಳೂರಿನಲ್ಲೇ ಕಾನ್ಸುಲೇಟ್ ಇದೆ. ಅಮೆರಿಕದ್ದು ಅಲ್ಲಿ ಉದ್ಘಾಟನೆಯಾಗಿದ್ದು 2025ರ ಜನವರಿಯಲ್ಲಿ, ಅಲ್ಲಿಯವರೆಗೆ ಚೆನ್ನೈ. ಎಷ್ಟೋ ದೇಶದವರು ದೆಹಲಿಯವರೆಗೆ ಹೋಗಬೇಕು. ಹೋಂಸ್ಟೇ ನಡೆಸುವವರು ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಬೇಕಲ್ಲ, ಆಗ ತೆಗೆದುಕೊಂಡ ಪಾಸ್‌ಪೋರ್ಟ್ ಪ್ರತಿಯೇ ಆಮೇಲೆ ಅವರ ಜೀವ ಉಳಿಸುವುದು. ಸುಮ್ನೆ ಕಾಟಾಚಾರ ಅಂದುಕೊಳ್ಳಬೇಡಿ.

ಇನ್ನು ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಬೈಲಕುಪ್ಪೆ. ಅಲ್ಲಿನ ಟಿಬೆಟನ್ನರಿಗೆ ಕಾನ್ಸುಲೇಟ್ ದೂರ ಇದೆ ಅನ್ನೋ ಪ್ರಶ್ನೆಯೇ ಇಲ್ಲ, ಯಾವ ದೇಶದಲ್ಲೂ ಇಲ್ಲ. ಹೊರದೇಶಕ್ಕೆ ಹೋಗಲು ಅವರಿಗೆ ಭಾರತ ಸರ್ಕಾರ ಐಡೆಂಟಿಟಿ ಸರ್ಟಿಫಿಕೇಟ್ ಅನ್ನೋ ಹಳದಿ ಪುಸ್ತಕ ಕೊಡುತ್ತದೆ. ಅದನ್ನು ಜೆರಾಕ್ಸ್ ಮಾಡಿಕೊಟ್ಟ ದಿನ ನಮ್ಮ ಹುಡುಗನ ಕಷ್ಟ ನನಗೆ ಸಣ್ಣದಾಗಿ ಕಂಡಿತ್ತು.

ಈಗ ಅಕ್ಕನ ಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಹಿಂದೆ ಒಂದು ಹಾಳೆ ಸಿಕ್ಕಿಸಿದೆ. ಮಗನ ಪಾಸ್‌ಪೋರ್ಟ್ ನಂಬರು, ಹೋಟೆಲಿನ ವಿಳಾಸ, ಕಿಂಗ್‌ಸ್ಟನ್ ಕಚೇರಿಯ ಫೋನು ಮತ್ತು ಇಮೇಲ್, ಮದದ್ ದೂರಿನ ಲಾಗಿನ್. ಮೊನ್ನೆ ಅವನು ಮತ್ತೆ ಫೋನ್ ಮಾಡಿದ್ದ. ಬೆಲೀಜ್ ದೇಶದಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಗುವ ಹಾಗಿದೆಯಂತೆ. ಸಂಬಳ ಎಷ್ಟು ಅಂತ ಭಾವ ಕೇಳಿದರು. ಅಕ್ಕ ನನ್ನ ಕಡೆ ತಿರುಗಿ, "ಅದು ಯಾರ ಪಾಲಿಗೆ ಬರುತ್ತೆ?" ಅಂದಳು.

ಮೆಕ್ಸಿಕೊ ಅಂದೆ. ಅವಳು ಪೆನ್ನು ಹುಡುಕಲು ಎದ್ದಳು.